ಅತ್ತೆ ಹಾಕಿಸಿಕೊಂಡಿದ್ದ ಏಳು ಗುಳಿಗೆ

(ಗುರುತು ಹತ್ತುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಇಲ್ಲಿ ಈಕೆಯನ್ನು ಸುಧಾ ಎಂದು ಕರೆಯೋಣ. ವಯಸ್ಸು 29, ಇಬ್ಬರು ಮಕ್ಕಳು.)

ಸುಧಾ ನನ್ನ ಹತ್ತಿರ ಸಲಹೆ ಕೇಳಲು ಬಂದದ್ದು ಅತ್ತೆಯ ಜೊತೆ. ಮಾತು ಶುರು ಮಾಡಿದ್ದೂ ಅತ್ತೆಯೇ.

"ಮೇಡಂ, ಇವಳಿಗೆ ಎರಡು ಮಕ್ಕಳು ಸಾಕು. ಆಪರೇಷನ್ ಅಂದ್ರೆ ನಡುಗ್ತಾಳೆ. ನನಗೆ ಆವಾಗ ಬೆಂಗಳೂರಲ್ಲಿ ಗುಳಿಗೆ ಇಟ್ಟಿದ್ರು. ಕೊಯ್ಯೋದಿಲ್ಲ, ಹೊಲಿಯೋದಿಲ್ಲ. ಹಂಗೆ ಇವಳಿಗೂ ಎಲ್ಲಿ ಇಡ್ತಾರೆ ಹೇಳಿ."

ಎಷ್ಟು ಗುಳಿಗೆ ಎಂದು ಕೇಳಿದೆ. ಏಳು, ಹಳದಿ ಬಣ್ಣದವು. ತಿಂಗಳು ಬಿಟ್ಟು ಇನ್ನೊಂದು ಸಲ. 1996ರ ಸುಮಾರಿಗೆ, ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ. ಏನೆಂದು ಹೇಳಿದ್ದರು ಎಂದರೆ, "ಏನೋ ಹೊಸಾ ಔಷಧ ಅಂದ್ರು, ಅಷ್ಟೇ."

ಅದು ಕ್ವಿನಾಕ್ರಿನ್. ಹಿಂದೆ ಮಲೇರಿಯಾಕ್ಕೆ ನುಂಗುತ್ತಿದ್ದ ಔಷಧ. ಚಿಲಿ ದೇಶದ ಡಾಕ್ಟರ್ ಹೈಮೆ ಸಿಪ್ಪರ್ ಅದನ್ನು ಸಂತಾನ ತಡೆಗೆ ಬಳಸುವ ದಾರಿ ಹುಡುಕಿದರು. ಕಾಪರ್-ಟಿ ಹಾಕುವಂಥ ಕೊಳವೆಯಲ್ಲಿ ಗುಳಿಗೆಗಳನ್ನು ಗರ್ಭಕೋಶದ ಮೇಲ್ಭಾಗಕ್ಕೆ ಬಿಡುತ್ತಿದ್ದರು. ಅವು ಕರಗಿ, ಅಂಡನಾಳದ ಬಾಯಿಯನ್ನು ಸುಟ್ಟಂತೆ ಕೆರಳಿಸುತ್ತವೆ. ಗಾಯ ಮಾಯುವಾಗ ಕಲೆ ಕಟ್ಟಿ ದಾರಿ ಮುಚ್ಚಬೇಕು. ಮುಚ್ಚಬೇಕು ಅಷ್ಟೇ, ಮುಚ್ಚಿತೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ.

"ನನಗೇನೂ ಆಗಲಿಲ್ಲವಲ್ಲ ಮೇಡಂ?" ಎಂದರು ಅತ್ತೆ. ನಿಜ, ಅವರು ಮತ್ತೆ ಬಸಿರಾಗಿಲ್ಲ. ಆ ಮಾತನ್ನು ಸುಳ್ಳು ಮಾಡುವುದು ನನ್ನ ಕೆಲಸವಲ್ಲ. ಆದರೆ ವಿಯೆಟ್ನಾಂನಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಹೆಂಗಸರಿಗೆ ಹೀಗೆ ಮಾಡಿದ್ದರು. ಅವರಲ್ಲಿ ಕೆಲವರನ್ನು ವರ್ಷಗಟ್ಟಲೆ ಗಮನಿಸಿದಾಗ, ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಮಂದಿ ಮತ್ತೆ ಬಸಿರಾಗಿದ್ದರು. ಸುಧಾಳಂಥ ಚಿಕ್ಕ ವಯಸ್ಸಿನವರಲ್ಲಿ ಸೋಲು ಇನ್ನೂ ಹೆಚ್ಚು. ನಾಳ ಅರ್ಧಂಬರ್ಧ ಮುಚ್ಚಿದರೆ ಬಸಿರು ನಾಳದಲ್ಲೇ ಬೆಳೆಯುವ ಭಯವೂ ಇದೆ. ಅದು ಒಡೆದರೆ ಜೀವಕ್ಕೇ ಕುತ್ತು.

ಇನ್ನೊಂದು ವಿಷಯ ಕ್ಯಾನ್ಸರ್. ಈ ಔಷಧ ಜೀವಕೋಶದ ಡಿಎನ್‌ಎಗೆ ಅಂಟಿಕೊಳ್ಳುವಂಥದ್ದು. ಇಲಿಗಳಲ್ಲಿ ದೊಡ್ಡ ಡೋಸ್ ಕೊಟ್ಟಾಗ ಗರ್ಭಕೋಶದಲ್ಲಿ ಗಡ್ಡೆಗಳು ಕಂಡವು. ಇದನ್ನು ಹಾಕಿಸಿಕೊಂಡ ಹೆಂಗಸರಲ್ಲಿ ಕ್ಯಾನ್ಸರ್ ಹೆಚ್ಚಾಯಿತೆಂದು ಸಾಬೀತಾಗಿಲ್ಲ. ಅತ್ತೆಯ ಮುಖ ನೋಡಿ ಈ ಮಾತನ್ನು ಎರಡು ಸಲ ಹೇಳಿದೆ. ನನ್ನ ಸಿಟ್ಟು ಬೇರೆ: ಮೊದಲು ಇಲಿ, ಆಮೇಲೆ ಮನುಷ್ಯರು ಅಲ್ವಾ? ಇಲ್ಲಿ ತಿರುಗುಮುರುಗಾಯಿತು. ಪರೀಕ್ಷೆ ಮುಗಿಯುವವರೆಗೆ ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲೇ ಹೇಳಿತ್ತು. ನಮ್ಮಲ್ಲಿ ಮಹಿಳಾ ಸಂಘಟನೆಯವರು ಸುಪ್ರೀಂ ಕೋರ್ಟಿಗೆ ಹೋದ ಮೇಲೆ 1998ರಲ್ಲಿ ನಿಷೇಧ ಬಂತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದು ಬೇಡವೆಂದು ಮತ್ತೆ ಹೇಳಿತು. ಹಾಗಾಗಿ ಇವತ್ತು ಯಾರಾದರೂ "ಇಡ್ತೀನಿ" ಎಂದರೆ ಅಲ್ಲಿಂದ ಎದ್ದು ಬನ್ನಿ ಎಂದೆ.

ಇಷ್ಟೆಲ್ಲ ಆಗುವವರೆಗೆ ಸುಧಾ ಬಾಯಿ ಬಿಟ್ಟಿರಲಿಲ್ಲ. ಅತ್ತೆಗೆ ಹೊರಗೆ ಕೂತಿರಲು ಹೇಳಿದೆ. ಆಗ ಹೇಳಿದಳು: ನಾದಿನಿಗೆ ಆಪರೇಷನ್ ಹೊಲಿಗೆ ಕೀವಾಗಿ ಎರಡು ತಿಂಗಳು ಒದ್ದಾಡಿದ್ದನ್ನು ಇವಳೇ ನೋಡಿಕೊಂಡಿದ್ದಳಂತೆ. "ಮಕ್ಕಳಿಗೆ ಯಾರು ಅನ್ನ ಹಾಕೋರು ಮೇಡಂ?" ಆ ಹೆದರಿಕೆಯನ್ನು ಸುಮ್ನೆ ತಳ್ಳಿಹಾಕಲು ಆಗಲ್ಲ. 2014ರಲ್ಲಿ ಛತ್ತೀಸ್‌ಗಢದ ಬಿಲಾಸಪುರದಲ್ಲಿ ಇದೇ ಆಪರೇಷನ್ನಿನ ಕ್ಯಾಂಪಿನಲ್ಲಿ ಹತ್ತಕ್ಕೂ ಹೆಚ್ಚು ಹೆಂಗಸರು ಸತ್ತರು.

ಆದರೆ ಅವಳ ಮುಂದಿದ್ದದ್ದು ಗುಳಿಗೆ, ಆಪರೇಷನ್ ಎರಡೇ ಅಲ್ಲ. ಕಾಪರ್-ಟಿ 380ಎ ಹತ್ತು ವರ್ಷ ನಡೆಯುತ್ತದೆ, ಬೇಡವೆಂದರೆ ತೆಗೆಸಬಹುದು. ಮೊದಲ ಕೆಲವು ತಿಂಗಳು ಮುಟ್ಟು ಜಾಸ್ತಿ ಹೋಗಬಹುದು. ಅವಳಿಗೆ ರಕ್ತ ಕಮ್ಮಿ ಇದ್ದದ್ದರಿಂದ ಮೊದಲು ಹಿಮೋಗ್ಲೋಬಿನ್ ನೋಡಿಸಲು ಹೇಳಿದೆ. ಮೂರು ತಿಂಗಳಿಗೊಮ್ಮೆ ಕೊಡುವ 'ಅಂತರಾ' ಚುಚ್ಚುಮದ್ದು, 'ಛಾಯಾ' ಮಾತ್ರೆಯ ವಿಷಯವನ್ನೂ ತಿಳಿಸಿದೆ.

"ಯಜಮಾನರು ಗಂಡಸರ ಆಪರೇಷನ್ ಮಾಡಿಸಿಕೊಳ್ಳಬಹುದಲ್ವಾ?" ಎಂದಾಗ ನಕ್ಕುಬಿಟ್ಟಳು. ಆ ಪ್ರಶ್ನೆ ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಮುಂದಿನ ವಾರ ಆತನೂ ಬಂದ. ಮೂಟೆ ಹೊರುವ ಕೆಲಸ. ಕೇಳಿದ್ದು ಒಂದೇ: "ಶಕ್ತಿ ಹೋಗ್ತದಾ?" ಹೋಗುವುದಿಲ್ಲ. ಹೊಲಿಗೆಯೂ ಬೇಕಿಲ್ಲ, ಒಂದು ವಾರ ಭಾರ ಎತ್ತಬಾರದು, ಮೂರು ತಿಂಗಳು ಬೇರೆ ಸಾಧನ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಬೇಕು. ಯೋಚನೆ ಮಾಡ್ತೀನಿ ಎಂದು ಹೋದ, ಇನ್ನೂ ಯೋಚಿಸುತ್ತಲೇ ಇದ್ದಾನೆ. ಸುಧಾ ಕಾಪರ್-ಟಿ ಹಾಕಿಸಿಕೊಂಡಳು.

ಮೊದಲ ದಿನ ಹೊರಡುವಾಗ ಅತ್ತೆ ಬಾಗಿಲಲ್ಲಿ ನಿಂತರು. "ನನಗೀಗ ಏನಾದ್ರೂ ಆಗುತ್ತಾ?" ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಬೇಕು, ಗುಳಿಗೆ ಹಾಕಿಸಿಕೊಂಡಿರಲಿ, ಇಲ್ಲದಿರಲಿ, ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹೋದ ತಿಂಗಳು ಎರಡು ದಿನ ಕಂಡಿತ್ತು."

ಅವತ್ತೇ ತಾಲೂಕು ಆಸ್ಪತ್ರೆಗೆ ಚೀಟಿ ಬರೆದುಕೊಟ್ಟೆ. ಸ್ಕ್ಯಾನಿನಲ್ಲಿ ಗರ್ಭಕೋಶದ ಒಳಪದರ ತೆಳ್ಳಗೇ ಇತ್ತು. ಮತ್ತೆ ಕಂಡರೆ ಕೂಡಲೇ ಬರಲು ಡಾಕ್ಟರು ಹೇಳಿದ್ದಾರೆ. ಆ ಹಳದಿ ಗುಳಿಗೆಯ ವಿಷಯ ಈಗ ಅವರ ಆಸ್ಪತ್ರೆ ಚೀಟಿಯಲ್ಲಿ ಬರೆದಿದೆ.