ಮೌಂಟನ್ ಬೈಕ್ ರೇಸಿಗೆ ಎರಡು ವಾರ ಇದೆ, ಟ್ರೇನಿಂಗ್ ಇನ್ನೂ ಜಾಸ್ತಿ ಮಾಡಲಾ?

ಏನನ್ನೂ ಸೇರಿಸಬೇಡಿ. ಈಗ ಮಾಡುತ್ತಿರುವುದರಲ್ಲಿ ಅರ್ಧ ತೆಗೆದುಬಿಡಿ.

ಕೋಲಾರದಲ್ಲಿ ತಿಂಗಳುಗಟ್ಟಲೆ ನಸುಕಿನಲ್ಲೇ ಎದ್ದು ಬೆಟ್ಟ ಹತ್ತಿದ್ದೀರಿ. ಅದೇ ಏರಿನಲ್ಲಿ ಹಾರ್ಟ್ ರೇಟ್ ಮೊದಲಿಗಿಂತ ಕಮ್ಮಿ ತೋರಿಸುತ್ತಿದೆ, ಆದರೆ ಕಾಲು ಭಾರ ಅಂತೀರಿ. ಇನ್ನಷ್ಟು ಗಟ್ಟಿ ಟ್ರೇನಿಂಗ್ ಮಾಡಲಾ, ಇಲ್ಲ ಹಗುರವಾದ ವೀಲ್ ಹಾಕಿಸಲಾ ಅನ್ನೋದು ನಿಮ್ಮ ಪ್ರಶ್ನೆ. ಹಾರ್ಟ್ ರೇಟ್ ಇಳಿದಿದ್ದನ್ನು ಫಿಟ್‌ನೆಸ್ ಅಂತ ಲೆಕ್ಕ ಹಾಕಿದ್ದೀರಲ್ಲ, ನಾನು ಎಡವಿದ್ದೂ ಅಲ್ಲೇ.

ನಾನು ತುಮಕೂರಿನವನು. ನನ್ನ ಟ್ರೇನಿಂಗ್ ಪೂರ್ತಿ ದೇವರಾಯನದುರ್ಗ ಬೆಟ್ಟದ ರಸ್ತೆಯಲ್ಲಿ. ನಾಮದ ಚಿಲುಮೆ ದಾಟಿ, ಕೆಳಗಿನ ಭೋಗ ನರಸಿಂಹಸ್ವಾಮಿ ದೇವಸ್ಥಾನದವರೆಗೆ ಒಂದೇ ಲಯದಲ್ಲಿ ಹೋಗುವುದು. ಅಲ್ಲಿಂದ ಮೇಲೆ ಯೋಗ ನರಸಿಂಹಸ್ವಾಮಿ ಕಡೆಗೆ ಎದ್ದು ನಿಂತು ತುಳಿಯುವುದು. ಇಳಿದು ಬಂದು ಮತ್ತೆ ಹತ್ತುವುದು. ವಾರಕ್ಕೊಂದು ಬಿಡುವಿನ ದಿನ ಇತ್ತು, ರೇಸ್ ಹತ್ತಿರ ಬಂತು ಅಂತ ಅದನ್ನೂ ತೆಗೆದೆ.

ಆಗಲೇ ವಾಚಿನಲ್ಲಿ ಖುಷಿ ಕೊಡುವ ಅಂಕಿ ಬರತೊಡಗಿತು. ಕಡಿದಾದ ತಿರುವುಗಳಲ್ಲಿ ಮೊದಲು ನಿಮಿಷಕ್ಕೆ 170ರ ಆಸುಪಾಸು ಹೋಗುತ್ತಿದ್ದ ಹಾರ್ಟ್ ರೇಟ್ 158, 160ಕ್ಕೇ ನಿಲ್ಲುತ್ತಿತ್ತು. ಹೃದಯ ಗಟ್ಟಿಯಾಗಿದೆ ಅಂದುಕೊಂಡೆ. ಮನೆಯಲ್ಲಿ ಕಾಣುತ್ತಿದ್ದದ್ದೇ ಬೇರೆ. ರಾತ್ರಿ ಊಟಕ್ಕೆ ಕೂತರೆ ಮುದ್ದೆ ಅರ್ಧಕ್ಕೇ ಸಾಕಾಗುತ್ತಿತ್ತು. ಉಳಿದರ್ಧ ತಟ್ಟೆಯಲ್ಲೇ ಆರಿ, ಮೇಲೆ ಪೊರೆ ಕಟ್ಟಿರುತ್ತಿತ್ತು. ‘ಯಾಕೋ, ಇಷ್ಟು ಸೈಕಲ್ ತುಳಿಯೋನಿಗೆ ಹಸಿವೇ ಇಲ್ವಾ?’ ಅಂತ ಅಮ್ಮ ಕೇಳುತ್ತಿದ್ದರು. ಸೈಕಲ್ ಅಂಗಡಿಯ ಅಣ್ಣ ಚೈನ್ ಬದಲಿಸುತ್ತಾ ನನ್ನ ಮುಖ ನೋಡಿ, ‘ನಿದ್ದೆ ಮಾಡ್ತಾ ಇದೀಯೇನಪ್ಪಾ?’ ಅಂದರು. ಇಬ್ಬರಿಗೂ ಕಂಡಿದ್ದು ನನಗೆ ಕಾಣಲಿಲ್ಲ, ಯಾಕಂದ್ರೆ ವಾಚ್ ಬೇರೆಯೇ ಹೇಳುತ್ತಿತ್ತು.

ರೇಸ್ ಇದ್ದದ್ದು ಚಿಕ್ಕಬಳ್ಳಾಪುರದ ಕಡೆ, ನೀಲಗಿರಿ ತೋಪು ಮತ್ತು ಹೊಲದ ಬದುಗಳ ನಡುವೆ. ದೊಡ್ಡ ಏರು ಇರಲಿಲ್ಲ, ಪೂರ್ತಿ ವೇಗದ ಕೋರ್ಸ್. ಇಂಥ ರೇಸಿನಲ್ಲಿ ಮೊದಲ ಕೆಲವು ನಿಮಿಷವೇ ಅರ್ಧ ಆಟ. ಅಗಲವಾದ ಮಣ್ಣಿನ ರಸ್ತೆಯಲ್ಲಿ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ಸ್ವಲ್ಪ ದೂರದಲ್ಲೇ ಅದು ಕಾಲುದಾರಿಯಾಗುತ್ತದೆ. ಅದರೊಳಗೆ ಹಿಂದೆ ಬಿದ್ದು ನುಗ್ಗಿದರೆ ಮುಂದಿನವರನ್ನು ದಾಟಲು ಜಾಗವೇ ಸಿಗಲ್ಲ. ಹಾಗಾಗಿ ಶುರುವಿನಲ್ಲೇ ಜೀವ ಬಿಟ್ಟು ತುಳಿಯಬೇಕು.

ನಾನೂ ತುಳಿದೆ. ಉಸಿರು ಕಟ್ಟಲಿಲ್ಲ, ಎದೆ ಹೊಡೆದುಕೊಳ್ಳಲಿಲ್ಲ, ಆದರೆ ಕಾಲು ತಿರುಗಲಿಲ್ಲ. ವಾಚ್ ನೋಡಿದರೆ 161. ರೇಸಿನ ಸ್ಟಾರ್ಟಿನಲ್ಲಿ ನನಗೆ ಅದು 185 ದಾಟಬೇಕು. ಎಷ್ಟು ಒತ್ತಿದರೂ ಮೇಲೇಳಲಿಲ್ಲ. ಬೆಟ್ಟದಲ್ಲಿ ನನ್ನ ಹಿಂದೆ ಉಳಿಯುತ್ತಿದ್ದ ಹುಡುಗರು ಎಡಬಲದಲ್ಲಿ ದಾಟಿ ಹೋದರು. ಕಾಲುದಾರಿ ಸೇರುವಾಗ ನಾನು ಗುಂಪಿನ ಬಾಲದಲ್ಲಿದ್ದೆ, ಕೊನೆಗೆ ಅಲ್ಲೇ ಮುಗಿಸಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಒಂದೇ ಏರಿನಲ್ಲಿ ಹಾರ್ಟ್ ರೇಟ್ ಕಮ್ಮಿಯಾಗಲು ಎರಡು ಕಾರಣ ಇರಬಹುದು. ಒಂದು, ನಿಜಕ್ಕೂ ಫಿಟ್ ಆಗಿದ್ದೀರಿ. ಒಂದೊಂದು ಬಡಿತಕ್ಕೂ ಹೃದಯ ಜಾಸ್ತಿ ರಕ್ತ ತಳ್ಳುತ್ತದೆ, ಹಾಗಾಗಿ ಅದೇ ವೇಗಕ್ಕೆ ಕಮ್ಮಿ ಬಡಿತ ಸಾಕು. ಆಗ ಕಾಲು ಹಗುರ ಇರುತ್ತದೆ. ಜೋರಾಗಿ ತುಳಿದರೆ ಹಾರ್ಟ್ ರೇಟ್ ಸರಕ್ಕನೆ ಏರುತ್ತದೆ, ನಿಂತರೆ ಬೇಗ ಇಳಿಯುತ್ತದೆ. ಎರಡನೆಯದು, ದೇಹ ಬಳಲಿದೆ. ಬಳಲಿಕೆ ಮಿತಿ ಮೀರಿದಾಗ, ಜೋರಾಗಿ ತುಳಿಯುವಾಗ ಏರಬೇಕಾದ ಅಡ್ರಿನಲಿನ್ ಹಾರ್ಮೋನ್ ಸರಿಯಾಗಿ ಏರುವುದಿಲ್ಲ. ಹೃದಯ ಮೇಲಿನ ಗೇರಿಗೆ ಬರುವುದೇ ಇಲ್ಲ. ಮಾಮೂಲಿ ವೇಗದಲ್ಲೂ ಬಡಿತ ಕಮ್ಮಿ, ತುತ್ತತುದಿಯ ಬಡಿತವೂ ಕಮ್ಮಿ. ಮಾಮೂಲಿ ವೇಗದ ಅಂಕಿ ಎರಡರಲ್ಲೂ ಒಂದೇ ಥರ ಇಳಿಯುತ್ತದೆ. ವ್ಯತ್ಯಾಸ ತಿಳಿಯುವುದು ಕಾಲಿನ ಭಾರದಲ್ಲಿ, ಹಸಿವಿನಲ್ಲಿ, ನಿದ್ದೆಯಲ್ಲಿ, ಮುಖ್ಯವಾಗಿ ಪೂರ್ತಿ ಒತ್ತಿ ತುಳಿದಾಗ ಅಂಕಿ ಏರುತ್ತದೋ ಇಲ್ಲವೋ ಅನ್ನೋದರಲ್ಲಿ. ಬೆಳಗ್ಗೆ ಎದ್ದಾಗಿನ ಬಡಿತ ಒಂದನ್ನೇ ನಂಬಬೇಡಿ, ಬಳಲಿದವರಲ್ಲಿ ಅದು ಏರಲೂಬಹುದು, ಇಳಿಯಲೂಬಹುದು. ನೀವು ಕಾಲು ಭಾರ ಅಂತ ಬರೆದಿದ್ದೀರಿ. ನನ್ನ ಪ್ರಕಾರ ನಿಮ್ಮದು ಎರಡನೆಯದು.

ಹಾಗಾಗಿ ‘ಇನ್ನಷ್ಟು ಟ್ರೇನಿಂಗೋ, ಹೊಸ ವೀಲೋ’ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಎರಡು ವಾರದಲ್ಲಿ ಹೊಸ ಶಕ್ತಿ ಬರಲ್ಲ. ಈಗಾಗಲೇ ಗಳಿಸಿದ್ದು ಬಳಲಿಕೆಯ ಅಡಿಯಲ್ಲಿ ಸಿಕ್ಕಿಕೊಂಡಿದೆ, ಅದನ್ನು ಹೊರಗೆ ತರಬೇಕು ಅಷ್ಟೇ. 2007ರಲ್ಲಿ ಕ್ರೀಡಾ ವಿಜ್ಞಾನಿ ಲೊರಾಂ ಬಾಸ್ಕೆ ಮತ್ತು ಜೊತೆಗಾರರು, ರೇಸಿಗೆ ಮುಂಚೆ ಟ್ರೇನಿಂಗ್ ಇಳಿಸುವ ಬಗ್ಗೆ ನಡೆದಿದ್ದ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ್ದರು. ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಎರಡು ವಾರ ಟ್ರೇನಿಂಗಿನ ಪ್ರಮಾಣವನ್ನು ಶೇಕಡ 41ರಿಂದ 60ರಷ್ಟು ಇಳಿಸಿ, ತೀವ್ರತೆಯನ್ನು ಮಾತ್ರ ಹಾಗೇ ಉಳಿಸಿಕೊಳ್ಳುವುದು. ಅಂದರೆ ಸೈಕಲ್ ಮೂಲೆಗೆ ನಿಲ್ಲಿಸಿ ಮಲಗುವುದಲ್ಲ. ಎರಡು ಗಂಟೆ ಹೋಗುತ್ತಿದ್ದರೆ ಒಂದು ಗಂಟೆ ಹೋಗಿ, ಅದರೊಳಗೆ ರೇಸಿನ ವೇಗದ ನಾಲ್ಕೈದು ಚಿಕ್ಕ ಸೈಕಲ್ ಓಟ ಇರಲಿ, ನಡುವೆ ಸಾಕಷ್ಟು ಬಿಡುವು ಕೊಡಿ. ನಿಮ್ಮ ವಿಷಯದಲ್ಲಿ ಮೊದಲ ಮೂರು ನಾಲ್ಕು ದಿನ ಅದೂ ಬೇಡ, ಸುಮ್ನೆ ಹಗುರವಾಗಿ ಸುತ್ತಾಡಿ ಬನ್ನಿ. ಹೊಟ್ಟೆ ತುಂಬ ಅನ್ನ, ಮುದ್ದೆ ತಿನ್ನಿ. ತೂಕ ಇಳಿಸುವ ಸಮಯ ಇದಲ್ಲವೇ ಅಲ್ಲ. ಎರಡನೇ ವಾರದ ಶುರುವಿನಲ್ಲಿ ಒಂದು ಚಿಕ್ಕ ಓಟ ಪೂರ್ತಿ ಒತ್ತಿ ನೋಡಿ. ಹಾರ್ಟ್ ರೇಟ್ ಹಳೇ ಎತ್ತರಕ್ಕೆ ಏರಿದರೆ ದಾರಿ ಸರಿ ಇದೆ. ಏರದಿದ್ದರೆ ಇನ್ನೂ ಕಮ್ಮಿ ಮಾಡಿ. ‘ಕೊನೇ ಸಲ ಒಂದು ಟೆಸ್ಟ್ ಮಾಡ್ತೀನಿ’ ಅಂತ ರೇಸಿನ ವಾರದಲ್ಲಿ ಮಾತ್ರ ದಯವಿಟ್ಟು ಬೆಟ್ಟ ಹತ್ತಬೇಡಿ.

ವೀಲಿನ ದುಡ್ಡು ಉಳಿಸಿ. ಟೈರಿನ ಗಾಳಿ ಸರಿ ಮಾಡಿಕೊಳ್ಳಿ, ಅದಕ್ಕೆ ಖರ್ಚೇ ಇಲ್ಲ. ಡಾಂಬರು ರಸ್ತೆಯಲ್ಲಿ ಅಭ್ಯಾಸ ಮಾಡಿದವರು ಗಾಳಿ ಕಲ್ಲಿನಂತೆ ತುಂಬಿಕೊಂಡು ಬರುತ್ತಾರೆ. ನಮ್ಮ ಕಡೆಯ ಸಡಿಲ ಮರಳು, ನುರುಜುಗಲ್ಲಿನ ತಿರುವಿನಲ್ಲಿ ಅಂಥ ಟೈರ್ ಜಾರುತ್ತದೆ, ಬ್ರೇಕ್ ಹಿಡಿಯಬೇಕಾಗುತ್ತದೆ, ವೇಗ ಅಲ್ಲೇ ಹೋಗುತ್ತದೆ. ಟ್ಯೂಬ್‌ಲೆಸ್ ಆದರೆ 25 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಸುತ್ತಮುತ್ತ ಶುರು ಮಾಡಿ, ನಿಮ್ಮ ತೂಕ ನೋಡಿಕೊಂಡು ಒಂದೊಂದೇ ಪಿಎಸ್‌ಐ ಹೆಚ್ಚುಕಮ್ಮಿ ಮಾಡಿ. ಟ್ಯೂಬ್ ಇದ್ದರೆ ಇನ್ನೊಂದು ನಾಲ್ಕೈದು ಜಾಸ್ತಿ ಇರಲಿ, ಇಲ್ಲದಿದ್ದರೆ ಕಲ್ಲಿಗೆ ಬಡಿದಾಗ ಟ್ಯೂಬ್ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಪಂಕ್ಚರ್ ಆಗುತ್ತದೆ.

ರೇಸಿನ ಹಿಂದಿನ ದಿನ ಕೋರ್ಸ್ ನೋಡಲು ಬಿಟ್ಟರೆ ಒಂದೇ ಒಂದು ಸುತ್ತು ನಿಧಾನವಾಗಿ ಹೋಗಿ ಬನ್ನಿ. ಸ್ಟಾರ್ಟಿನಿಂದ ಕಾಲುದಾರಿ ಎಷ್ಟು ದೂರ, ಅಲ್ಲಿಗೆ ಯಾವ ಕಡೆಯಿಂದ ನುಗ್ಗಿದರೆ ಒಳ್ಳೇದು, ಅದನ್ನು ಮಾತ್ರ ಎರಡು ಮೂರು ಸಲ ಹೋಗಿ ನೋಡಿಕೊಳ್ಳಿ. ಯಾವ ರೇಸ್, ಕೋರ್ಸ್ ಎಷ್ಟು ಕಿಲೋಮೀಟರ್ ಅಂತ ತಿಳಿಸಿದರೆ ಸ್ಟಾರ್ಟಿಗೆ ಮುಂಚೆ ಹೇಗೆ ವಾರ್ಮಪ್ ಮಾಡಬೇಕು ಅನ್ನೋದನ್ನೂ ಬರೆಯುತ್ತೇನೆ.