ಟಿಡಿಪಿ-43 ಆಂಟಿಬಾಡಿ ಸರಿಯಾದ ಪ್ರೋಟೀನನ್ನೇ ಹಿಡಿಯುತ್ತಿದೆ ಅಂತ ತಿಳಿಯೋದು ಹೇಗೆ?

ಆಂಟಿಬಾಡಿ ಅಂದರೆ ಒಂದು ನಿರ್ದಿಷ್ಟ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಗುರುತಿಸಿಕೊಡುವ ಅಣು. ಒಂದೇ ಮಾತಲ್ಲಿ ಹೇಳೋದಾದರೆ, ಕೋಶದಿಂದ ಆ ಪ್ರೋಟೀನನ್ನು ತೆಗೆದು ನೋಡಿ. ಎಸ್‌ಐಆರ್‌ಎನ್‌ಎ ಎಂಬ ಚಿಕ್ಕ ಆರ್‌ಎನ್‌ಎ ತುಂಡು ಹಾಕಿ ಟಿಡಿಪಿ-43 ತಯಾರಾಗೋದನ್ನು ತಗ್ಗಿಸಿದಾಗ ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸುವ ವಿಧಾನ) 43 ಕಿಲೋಡಾಲ್ಟನ್ ತೂಕದ ಹತ್ತಿರದ ಗೆರೆ ಮಂಕಾಗಬೇಕು. ಆಗದಿದ್ದರೆ ಆಂಟಿಬಾಡಿ ಬೇರೇನನ್ನೋ ಹಿಡಿಯುತ್ತಿರಬಹುದು. ಎಲ್ಲ ಸ್ಯಾಂಪಲ್ಲುಗಳಲ್ಲೂ ಸಮನಾಗಿ ಪ್ರೋಟೀನ್ ಇದೆಯೇ ಅಂತ ನೋಡುವ ಹೋಲಿಕೆಗೆ ಆಕ್ಟಿನ್ ಎಂಬ ಪ್ರೋಟೀನ್ ಮಾತ್ರ ಬೇಡ. ಅದರ ತೂಕ 42, ಎರಡೂ ಗೆರೆ ಒಂದರ ಮೇಲೊಂದು ಕೂತುಬಿಡುತ್ತವೆ! ದೂರದಲ್ಲಿ ನಿಲ್ಲುವ ವಿನ್‌ಕ್ಯುಲಿನ್ ವಾಸಿ.

ಆಂಟಿಬಾಡಿಗೆ ಹೊಳೆಯುವ ಬಣ್ಣ ಸೇರಿಸಿ ಮೈಕ್ರೋಸ್ಕೋಪಿನಲ್ಲಿ ನೋಡುವಾಗ ಆರೋಗ್ಯವಾದ ಕೋಶದ ನ್ಯೂಕ್ಲಿಯಸ್ ತುಂಬಾ ಹೊಳಪು ಇರುತ್ತದೆ, ಒಳಗಿನ ನ್ಯೂಕ್ಲಿಯೋಲಸ್‌ಗಳು ಮಾತ್ರ ಕಪ್ಪು ಚುಕ್ಕೆಗಳ ಹಾಗೆ ಕಾಣುತ್ತವೆ. ಆರ್‌ಎನ್‌ಎಗೆ ಅಂಟಿಕೊಂಡು ಅದರ ಕತ್ತರಿಸಿ ಜೋಡಿಸುವ ಕೆಲಸದಲ್ಲಿ ಕೈ ಹಾಕುವ ಪ್ರೋಟೀನ್ ಟಿಡಿಪಿ-43, ನ್ಯೂಕ್ಲಿಯಸ್ಸೇ ಇದರ ಮನೆ. ಎಎಲ್‌ಎಸ್ ಎಂಬ ನರರೋಗದಲ್ಲಿ ಆ ಮನೆ ಖಾಲಿಯಾಗಿ, ಹೊರಗೆ ಸೈಟೋಪ್ಲಾಸಂನಲ್ಲಿ ಗಂಟುಗಳು ಕಾಣುತ್ತವೆ. ಆ ಗಂಟುಗಳಲ್ಲಿ ಇರೋದು ಟಿಡಿಪಿ-43 ಅಂತ 2006ರಲ್ಲಿ ಗೊತ್ತಾಯಿತು.

ಕೊಳ್ಳುವ ಮುಂಚೆ ಆಂಟಿಬಾಡಿ ಪ್ರೋಟೀನಿನ ಯಾವ ತುದಿಯನ್ನು ಹಿಡಿಯುತ್ತದೆ ಅಂತ ನೋಡಲೇಬೇಕು. ರೋಗಿಗಳ ಮಿದುಳಿನಲ್ಲಿ ಸುಮಾರು 25 ಕಿಲೋಡಾಲ್ಟನ್‌ನ ಬಾಲದ ತುಂಡುಗಳೂ ಸಿಗುತ್ತವೆ. ತಲೆಭಾಗವನ್ನು ಹಿಡಿಯುವ ಆಂಟಿಬಾಡಿಗೆ ಅವು ಕಾಣುವುದೇ ಇಲ್ಲ. ಗಂಟುಗಳನ್ನಷ್ಟೇ ನೋಡಬೇಕಾದರೆ 409, 410ನೇ ಸ್ಥಾನದ ಸೆರೀನ್ ಎಂಬ ಅಮೈನೋ ಆಮ್ಲಗಳಿಗೆ ಫಾಸ್ಫೇಟ್ ಸೇರಿದ ರೂಪವನ್ನು ಹಿಡಿಯುವ ಆಂಟಿಬಾಡಿ ತಗೊಳ್ಳಿ. ನ್ಯೂಕ್ಲಿಯಸ್ಸಿನ ಹೊಳಪು ಅಡ್ಡ ಬರೋದಿಲ್ಲ, ಗಂಟುಗಳು ಸ್ಪಷ್ಟವಾಗಿ ಎದ್ದು ಕಾಣುತ್ತವೆ.