ಇಂಗ್ಲೆಂಡಿನಲ್ಲಿ ಅಪರಿಚಿತರು ‘ಲವ್’ ಅಂತ ಕರೆದರೆ ಏನರ್ಥ?

ಓದಲು ಶೆಫೀಲ್ಡಿಗೆ ಬಂದಿದ್ದೀರಿ. ಬಸ್ ಡ್ರೈವರು, ಅಂಗಡಿಯವರು, ಎಲ್ಲರೂ ನಿಮ್ಮನ್ನು ‘ಲವ್’ ಅಂತಾರೆ. ಅದರಲ್ಲಿ ಬೇರೆ ಅರ್ಥ ಇದೆಯಾ, ನಾನೂ ತಿರುಗಿ ಹಾಗೇ ಅನ್ನಬೇಕಾ ಅಂತ ಕೇಳಿದ್ದೀರಿ.

ಬೇರೆ ಅರ್ಥ ಏನೂ ಇಲ್ಲ. ನಿಮ್ಮ ಶೆಫೀಲ್ಡ್ ಇರುವ ಯಾರ್ಕ್‌ಶೈರಿನಲ್ಲೇ ನಾನೂ ಇರೋದು, ದಿನಾ ಕೇಳ್ತೀನಿ. ಹುಬ್ಬಳ್ಳಿ ಸಂತೆಯಲ್ಲಿ ತರಕಾರಿ ಮಾರುವ ಅಜ್ಜಿ ‘ಬಾರೋ ತಮ್ಮಾ, ತಗೋ’ ಅಂದರೆ ನಮಗೇನೂ ಅನ್ನಿಸಲ್ಲ ಅಲ್ವಾ? ಇದೂ ಅಷ್ಟೇ. ಹೆಸರು ಗೊತ್ತಿಲ್ಲದವರನ್ನು ಬಿಗಿಯಾಗಿ ‘ಸರ್’, ‘ಮೇಡಂ’ ಅನ್ನೋ ಬದಲು ಹೀಗೆ ಕರೀತಾರೆ.

ಸ್ವಲ್ಪ ಕಿವಿಗೊಟ್ಟು ಕೇಳಿ, ಅದು ‘ಲವ್’ ಅಲ್ಲ, ‘ಲುವ್’. ಉತ್ತರ ಇಂಗ್ಲೆಂಡಿನ ಉಚ್ಚಾರಣೆಯೇ ಹಾಗೆ. ಬಸ್ ಕೂಡ ಇವರ ಬಾಯಲ್ಲಿ ‘ಬುಸ್’. ಸಾಮಾನ್ಯವಾಗಿ ಈ ಪದ ಮಾತಿನ ಬಾಲದಲ್ಲಿ ಬರುತ್ತೆ. ಚಿಲ್ಲರೆ ಕೈಗಿಡುತ್ತಾ ‘ದೇರ್ ಯು ಗೋ, ಲುವ್’. ಎದುರು ಸಿಕ್ಕಾಗ ‘ಯು ಆಲ್‌ರೈಟ್, ಲುವ್?’ ಇದಕ್ಕೆ ನಿಮ್ಮ ನೆಗಡಿ, ಕೆಮ್ಮಿನ ವರದಿ ಒಪ್ಪಿಸಬೇಕಾಗಿಲ್ಲ, ‘ಆಲ್‌ರೈಟ್’ ಅಂತ ಮುಂದೆ ಹೋದರೆ ಸಾಕು. ಅದೇ ಪದ ಜಗಳದ ನಡುವೆ ಮುಂದೆ ಬಂದು ‘ಲಿಸನ್, ಲವ್...’ ಅಂತ ಶುರುವಾದರೆ ಅದು ಪ್ರೀತಿಯಲ್ಲ, ‘ನಿಂಗೇನೂ ಗೊತ್ತಿಲ್ಲ ಸುಮ್ನಿರು’ ಅನ್ನೋ ಧಾಟಿ. ಪದಕ್ಕಿಂತ ದನಿ ನೋಡಿ.

ದಕ್ಷಿಣದ ಕಡೆ ಗಂಡಸರು ಇನ್ನೊಬ್ಬ ಗಂಡಸಿಗೆ ‘ಮೇಟ್’ ಅನ್ನೋದು ಜಾಸ್ತಿ. ಇಲ್ಲಿ ಹಾಗಲ್ಲ, ನಲ್ಲಿ ರಿಪೇರಿಗೆ ಬಂದ ದಾಂಡಿಗ ಪ್ಲಂಬರ್ ಕೂಡ ನನ್ನನ್ನು ‘ಲುವ್’ ಅಂದಿದ್ದಾನೆ. ನಾನು ಮೀಸೆ ಬಿಟ್ಟಿರೋ ಗಂಡಸು.

ಊರು ಬದಲಾದರೆ ಪದವೂ ಬದಲಾಗುತ್ತೆ. ನಾಟಿಂಗ್‌ಹ್ಯಾಮ್, ಡರ್ಬಿ, ಸ್ಟೋಕ್ ಕಡೆ ‘ಡಕ್’. ಹೌದು, ಬಾತುಕೋಳಿಯೇ! ನ್ಯೂಕ್ಯಾಸಲ್‌ನಲ್ಲಿ ‘ಪೆಟ್’. ಗ್ಲಾಸ್ಗೋದಲ್ಲಿ ಹೆಂಗಸರಿಗೆ ‘ಹೆನ್’. ಬ್ರಿಸ್ಟಲ್‌ಗೆ ಹೋದರೆ ಗಟ್ಟಿಯಾಗಿ ನಿಂತ್ಕೊಳ್ಳಿ, ಅಲ್ಲಿ ಟಿಕೆಟ್ ಕೊಡುವವರು ‘ಮೈ ಲವರ್’ ಅಂದರೂ ಅಂದಾರು. ಅದಕ್ಕೂ ಇಷ್ಟೇ ಅರ್ಥ.

ಇನ್ನು, ನೀವೂ ತಿರುಗಿ ಅನ್ನಬೇಕಾ? ಸದ್ಯಕ್ಕೆ ಬೇಡ. ನಮ್ಮ ಬಾಯಲ್ಲಿ ಅದು ನಾಟಕದ ಡೈಲಾಗ್ ಥರ ಕೇಳುತ್ತೆ. ಅದೂ ನೀವು ಗಂಡಸಾಗಿದ್ದು, ಜೊತೆಗೆ ಕೆಲಸ ಮಾಡುವ ಹೆಣ್ಣುಮಗಳಿಗೆ ಅಂದರೆ ಆಕೆಗೆ ಹಿಡಿಸದೇ ಇರಬಹುದು. ಆಫೀಸಿನಲ್ಲಿ ಹಾಗೆ ಕರೆಸಿಕೊಳ್ಳೋದನ್ನು ಇಷ್ಟಪಡದ ಇಂಗ್ಲಿಷ್ ಹೆಂಗಸರೂ ಬೇಕಾದಷ್ಟು ಜನ ಇದ್ದಾರೆ, ಅದು ಸರಿ ಕೂಡ. ಬಸ್ಸಿಂದ ಇಳಿಯುವಾಗ ಡ್ರೈವರಿಗೆ ‘ಥ್ಯಾಂಕ್ಯೂ’ ಅನ್ನಿ, ಇಲ್ಲಾ ಇಲ್ಲಿಯವರ ಹಾಗೆ ‘ಟಾ’ ಅನ್ನಿ. ಅಷ್ಟು ಸಾಕು.

ಬರೆಯುವಾಗ ಲೆಕ್ಕ ಬೇರೆ. ಪತ್ರದ ಕೊನೆಯ ‘ಲವ್’ ಮನೆಯವರಿಗೆ, ಹತ್ತಿರದ ಗೆಳೆಯರಿಗೆ ಮಾತ್ರ. ಎಸ್‌ಎಂಎಸ್ ಬಂದ ಮೇಲೆ ಅದರಲ್ಲೂ ಗೊಂದಲ. ಪ್ರಧಾನಿಯಾಗಿದ್ದ ಡೇವಿಡ್ ಕ್ಯಾಮರನ್ ‘ಎಲ್‌ಓಎಲ್’ ಅಂದರೆ ‘ಲಾಟ್ಸ್ ಆಫ್ ಲವ್’ ಅಂದ್ಕೊಂಡು ಮೆಸೇಜ್ ಕಳಿಸ್ತಿದ್ದರಂತೆ. ಅದರ ನಿಜವಾದ ಅರ್ಥ ‘ಲಾಫ್ ಔಟ್ ಲೌಡ್’, ಅಂದರೆ ಜೋರಾಗಿ ನಗು. ಬ್ರಿಟಿಷ್ ಪತ್ರಿಕೆಗಳ ನಡವಳಿಕೆ ಬಗ್ಗೆ ನಡೆದ ಲೆವೆಸನ್ ವಿಚಾರಣೆಯಲ್ಲಿ, 2012ರಲ್ಲಿ, ಈ ಸಂಗತಿ ಹೊರಬಿದ್ದು ದೇಶವೆಲ್ಲ ನಕ್ಕಿತ್ತು. ನಿಮ್ಮ ಪ್ರೊಫೆಸರಿಗೆ ಈಮೇಲ್ ಹಾಕುವಾಗ ‘ಕೈಂಡ್ ರಿಗಾರ್ಡ್ಸ್’ ಅಂತಲೇ ಮುಗಿಸಿ.